ಮ್ಯಾಕ್ ಮತ್ತೆ ಮತ್ತೆ ಪ್ರೊಸೆಸರ್ ಬದಲಿಸಿದ್ದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆ್ಯಪಲ್ ಕಂಪನಿಯ ಮ್ಯಾಕ್ ಮೂರು ಸಲ ಪ್ರೊಸೆಸರ್ ಆರ್ಕಿಟೆಕ್ಚರ್ ಬದಲಿಸಿದೆ. ಪ್ರತಿ ಸಲವೂ ಮೊದಲು ಗಾಳಿಸುದ್ದಿ, ಆಮೇಲೆ ಗೊಂದಲ. ಕೊನೆಗೆ "ನನ್ನ ಹಳೇ ಮಷಿನ್ ಗತಿ ಏನು" ಎಂಬ ಪ್ರಶ್ನೆ. ಬಳಕೆದಾರರು ಮತ್ತೆ ಮತ್ತೆ ಕೇಳುವುದನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ಸುಲಭದ ಪ್ರಶ್ನೆಗಳು ಮೊದಲು, ಡೆವಲಪರ್‌ಗಳ ಪ್ರಶ್ನೆಗಳು ಕೊನೆಗೆ.

## ಮೊದಲು ತಿಳಿಯಬೇಕಾದ್ದು

ಪ್ರತಿ ವರ್ಷ ಹೊಸ ಚಿಪ್ ಬರುತ್ತಲ್ಲ, ಆರ್ಕಿಟೆಕ್ಚರ್ ಬದಲಾಗೋದು ಅಂದ್ರೆ ಅದೇನಾ?

ಅದಲ್ಲ. ವರ್ಷ ವರ್ಷ ಬರುವ ಹೊಸ ಚಿಪ್ ಹಳೆಯ ಆದೇಶಗಳನ್ನೇ (ಚಿಪ್‌ಗೆ ನೇರವಾಗಿ ಅರ್ಥವಾಗುವ ಸೂಚನೆಗಳನ್ನು) ಇನ್ನೂ ವೇಗವಾಗಿ ನಡೆಸುತ್ತದೆ. ಹಾಗಾಗಿ ನಿನ್ನೆಯ ಸಾಫ್ಟ್‌ವೇರ್ ಇವತ್ತೂ ಓಡುತ್ತದೆ. ಆರ್ಕಿಟೆಕ್ಚರ್ ಬದಲಾದರೆ ಆ ಆದೇಶಗಳೇ ಬೇರೆಯಾಗುತ್ತವೆ. ಇಂಟೆಲ್‌ನ ಒಂದು ಆದೇಶ 1 ಬೈಟ್‌ನಿಂದ 15 ಬೈಟ್‌ವರೆಗೆ ಎಷ್ಟಾದರೂ ಉದ್ದ ಇರಬಹುದು. ಈಗಿನ ಮ್ಯಾಕ್‌ಗಳು ಬಳಸುವ 64 ಬಿಟ್ ಆರ್ಮ್‌ನಲ್ಲಿ ಪ್ರತಿಯೊಂದೂ ಸರಿಯಾಗಿ 4 ಬೈಟ್. ಒಂದಕ್ಕಾಗಿ ಕಂಪೈಲ್ ಮಾಡಿದ, ಅಂದರೆ ಅದರ ಆದೇಶಗಳಿಗೆ ಇಳಿಸಿದ ಫೈಲನ್ನು ಇನ್ನೊಂದರ ಮುಂದಿಟ್ಟರೆ ಅದಕ್ಕೆ ತಲೆಬುಡ ತಿಳಿಯುವುದಿಲ್ಲ. ಆಪರೇಟಿಂಗ್ ಸಿಸ್ಟಂ, ಡ್ರೈವರ್, ಪ್ರತಿಯೊಂದು ಆ್ಯಪ್ ಹೊಸದಾಗಿ ತಯಾರಾಗಬೇಕು, ಇಲ್ಲವೇ ನಡುವೆ ಒಂದು ಅನುವಾದಕ ಬೇಕು.

ಆ್ಯಪಲ್ ಯಾವಾಗ ಯಾವಾಗ ಬದಲಿಸಿದೆ?

1984ರ ಮೊದಲ ಮ್ಯಾಕಿಂಟಾಷ್‌ನಲ್ಲಿ ಇದ್ದದ್ದು ಮೋಟರೋಲಾ 68000. 1994ರ ಮಾರ್ಚ್‌ನಲ್ಲಿ ಪವರ್ ಮ್ಯಾಕಿಂಟಾಷ್ 6100, 7100, 8100 ಬಂದವು. ಅವುಗಳಲ್ಲಿದ್ದದ್ದು ಆ್ಯಪಲ್, ಐಬಿಎಂ, ಮೋಟರೋಲಾ ಸೇರಿ ರೂಪಿಸಿದ ಪವರ್‌ಪಿಸಿ. 2005ರ ಜೂನ್ 6ರಂದು ಸ್ಟೀವ್ ಜಾಬ್ಸ್ ಇಂಟೆಲ್‌ಗೆ ಹೋಗುತ್ತೇವೆಂದು ಘೋಷಿಸಿದರು. 2006ರ ಜನವರಿಯಲ್ಲಿ ಮೊದಲ ಇಂಟೆಲ್ ಐಮ್ಯಾಕ್ ಬಂತು, ಆಗಸ್ಟ್‌ನಲ್ಲಿ ಮ್ಯಾಕ್ ಪ್ರೊ ಬರುವ ಹೊತ್ತಿಗೆ ಬದಲಾವಣೆ ಮುಗಿದಿತ್ತು. ಮೂರನೆಯದು 2020ರದು: ಜೂನ್ 22ಕ್ಕೆ ಘೋಷಣೆ, ನವೆಂಬರ್‌ನಲ್ಲಿ ಆ್ಯಪಲ್ ತಾನೇ ವಿನ್ಯಾಸ ಮಾಡಿದ ಎಂ1 ಎಂಬ ಆರ್ಮ್ ಚಿಪ್. ಎರಡು ವರ್ಷದಲ್ಲಿ ಮುಗಿಸುತ್ತೇವೆ ಎಂದಿದ್ದರು. ಮ್ಯಾಕ್ ಪ್ರೊ ಮಾತ್ರ 2023ರ ಜೂನ್‌ವರೆಗೆ ಎಳೆಯಿತು.

ಪವರ್‌ಪಿಸಿ ಚೆನ್ನಾಗೇ ಇತ್ತಲ್ಲ, ಯಾಕೆ ಬಿಟ್ರು?

ಡೆಸ್ಕ್‌ಟಾಪ್‌ನಲ್ಲಿ ಚೆನ್ನಾಗಿತ್ತು. ಲ್ಯಾಪ್‌ಟಾಪ್‌ನಲ್ಲಿ ಕೈಕೊಟ್ಟಿತು.

2003ರಲ್ಲಿ ಜಿ5 ಎಂಬ ಪವರ್‌ಪಿಸಿ ಚಿಪ್ ಇರುವ ಮ್ಯಾಕ್ ಬಿಡುಗಡೆಯಾದಾಗ ವೇಗ 2 ಗಿಗಾಹರ್ಟ್ಸ್. ಹನ್ನೆರಡು ತಿಂಗಳಲ್ಲಿ 3 ಗಿಗಾಹರ್ಟ್ಸ್ ಕೊಡುತ್ತೇವೆಂದು ಜಾಬ್ಸ್ ವೇದಿಕೆಯ ಮೇಲೆ ಮಾತು ಕೊಟ್ಟರು. ಒಂದು ವರ್ಷದ ನಂತರ ಬಂದದ್ದು 2.5, ಅದೂ ದ್ರವ ಹರಿಸಿ ತಣ್ಣಗಿಡಬೇಕಾದ ಮಷಿನ್‌ನಲ್ಲಿ. ಇಷ್ಟು ಬಿಸಿಯಾಗುವ ಚಿಪ್ಪನ್ನು ಒಂದಿಂಚು ದಪ್ಪದ ಪವರ್‌ಬುಕ್‌ನೊಳಗೆ ಇಡುವುದು ಸಾಧ್ಯವಾಗಲಿಲ್ಲ. ಜಿ5 ಪವರ್‌ಬುಕ್ ಕೊನೆಗೂ ಬರಲೇ ಇಲ್ಲ. ಜನ ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪ್ ಕಡೆ ಹೊರಳುತ್ತಿದ್ದ ಕಾಲ ಅದು.

ಇದಕ್ಕೂ ಮುಂಚೆ ಇಂಥದ್ದೇ ಒಂದು ಪೆಟ್ಟು ಬಿದ್ದಿತ್ತು. 1999ರಲ್ಲಿ ಜಿ5ಗಿಂತ ಹಿಂದಿನ ಪವರ್‌ಪಿಸಿಯಾದ 500 ಮೆಗಾಹರ್ಟ್ಸ್‌ನ ಜಿ4 ಘೋಷಿಸಿದ ಆ್ಯಪಲ್‌ಗೆ ಮೋಟರೋಲಾದಿಂದ ಆ ವೇಗದ ಚಿಪ್‌ಗಳು ಸಮಯಕ್ಕೆ ಸಿಗದೆ, ಎಲ್ಲ ಮಾಡೆಲ್‌ಗಳ ವೇಗವನ್ನೂ 50 ಮೆಗಾಹರ್ಟ್ಸ್ ಇಳಿಸಬೇಕಾಯಿತು. ಆ 500ನ್ನು ದಾಟಲು 2001ರ ಜನವರಿಯೇ ಬರಬೇಕಾಯಿತು.

ಐಬಿಎಂಗಾಗಲಿ ಮೋಟರೋಲಾಕ್ಕಾಗಲಿ ಚಿಪ್ ಮಾಡುವ ಜಾಣ್ಮೆಗೆ ಕೊರತೆ ಇರಲಿಲ್ಲ. ಆ್ಯಪಲ್ ಕೊಳ್ಳುತ್ತಿದ್ದ ಚಿಪ್‌ಗಳ ಸಂಖ್ಯೆ ಸಣ್ಣದು. ಐಬಿಎಂಗೆ ತನ್ನ ಸರ್ವರ್‌ಗಳೂ, ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3, ನಿಂಟೆಂಡೊದ ವೀ ಥರದ ಆಟದ ಕನ್ಸೋಲ್‌ಗಳೂ ಇದ್ದವು. ಮೋಟರೋಲಾದ ಗಿರಾಕಿಗಳು ಹೆಚ್ಚಾಗಿ ಎಂಬೆಡೆಡ್ ಸಾಧನ ಮಾಡುವವರು. ಒಬ್ಬ ಸಣ್ಣ ಗಿರಾಕಿಯ ಲ್ಯಾಪ್‌ಟಾಪ್‌ಗೋಸ್ಕರ ಬೇರೆಯೇ ಚಿಪ್ ವಿನ್ಯಾಸ ಮಾಡಲು ಯಾರಿಗೂ ಕಾರಣವಿರಲಿಲ್ಲ. 2005ರ ಭಾಷಣದಲ್ಲಿ ಜಾಬ್ಸ್ ಕೊಟ್ಟ ಲೆಕ್ಕವೂ ಮುಂದಿನ ಚಿಪ್‌ಗಳದೇ: ಒಂದು ವಾಟ್‌ಗೆ ಸಿಗುವ ಕೆಲಸ ಪವರ್‌ಪಿಸಿಯಲ್ಲಿ 15 ಪಾಲು, ಇಂಟೆಲ್‌ನಲ್ಲಿ 70 ಪಾಲು.

ಹಾಗಾದ್ರೆ ಇಂಟೆಲ್ ಮಾಡಿದ ತಪ್ಪೇನು?

ತಡ ಮಾಡಿದ್ದು. 2015ರಲ್ಲಿ ಇಂಟೆಲ್‌ನ 14 ನ್ಯಾನೋಮೀಟರ್‌ನ ಸ್ಕೈಲೇಕ್ ಚಿಪ್ ಬಂತು (ಈ ಸಂಖ್ಯೆ ಇಳಿದಷ್ಟೂ ತಯಾರಿಕೆ ಹೆಚ್ಚು ಸೂಕ್ಷ್ಮ). ಆಮೇಲೆ ಬರಬೇಕಿದ್ದ 10 ನ್ಯಾನೋಮೀಟರ್ ಚಿಪ್‌ಗಳು ವರ್ಷಗಟ್ಟಲೆ ಮುಂದಕ್ಕೆ ಹೋದವು. ಇಂಟೆಲ್ ಅದೇ 14ನ್ನೇ ತಿದ್ದಿ ತಿದ್ದಿ ಮಾರಿತು. ತೆಳ್ಳಗಿನ ಮ್ಯಾಕ್‌ಬುಕ್ ವಿನ್ಯಾಸ ಮಾಡಿದವರಿಗೆ ಅದಕ್ಕೆ ಹೊಂದುವ ಚಿಪ್ ಸಿಗಲಿಲ್ಲ.

ಈ ಸಲ ಆ್ಯಪಲ್‌ಗೆ ಬೇರೆ ದಾರಿ ಇತ್ತು. 2008ರಲ್ಲಿ ಅದು ಪಿ.ಎ. ಸೆಮಿ ಎಂಬ ಚಿಪ್ ವಿನ್ಯಾಸ ಕಂಪನಿಯನ್ನು ಕೊಂಡಿತ್ತು. ಆಮೇಲೆ ಐಫೋನ್‌ಗೆ ಸ್ವಂತ ಚಿಪ್‌ಗಳು ಬಂದವು: 2010ರಲ್ಲಿ ಎ4, 2013ರಲ್ಲಿ 64 ಬಿಟ್‌ನ ಎ7. ವರ್ಷಕ್ಕೆ ಕೋಟಿಗಟ್ಟಲೆ ಮಾರಾಟವಾಗುವ ಐಫೋನ್ ಆ ವಿನ್ಯಾಸದ ಖರ್ಚನ್ನು ಹೊತ್ತಿತು. ಪವರ್‌ಪಿಸಿ ಕಾಲದಲ್ಲಿ ಕಾಡಿದ ಸಣ್ಣ ಗಿರಾಕಿಯ ಸಮಸ್ಯೆ ಹೀಗೆ ಬಗೆಹರಿಯಿತು. ಎಂ1ನಲ್ಲಿ 1,600 ಕೋಟಿ ಟ್ರಾನ್ಸಿಸ್ಟರ್, 4 ವೇಗದ ಕೋರ್, 4 ಮಿತವ್ಯಯದ ಕೋರ್. ಅದನ್ನಿಟ್ಟ ಮ್ಯಾಕ್‌ಬುಕ್ ಏರ್‌ಗೆ ಫ್ಯಾನೇ ಬೇಕಾಗಲಿಲ್ಲ.

ಇಷ್ಟು ದೊಡ್ಡ ಕೆಲಸ ಒಂದೆರಡು ವರ್ಷದಲ್ಲಿ ಹೇಗೆ ಮುಗಿಸಿದ್ರು?

ಘೋಷಣೆ ಆಗುವ ಹೊತ್ತಿಗೆ ಅರ್ಧ ಕೆಲಸ ಮುಗಿದೇ ಇರುತ್ತದೆ. ಮ್ಯಾಕ್‌ನ ಆಪರೇಟಿಂಗ್ ಸಿಸ್ಟಂ ಆದ ಮ್ಯಾಕ್ ಒಎಸ್ ಎಕ್ಸ್ ಹುಟ್ಟಿದ್ದು ಜಾಬ್ಸ್ ಕಟ್ಟಿದ್ದ ನೆಕ್ಸ್ಟ್ ಕಂಪನಿಯ ನೆಕ್ಸ್ಟ್‌ಸ್ಟೆಪ್‌ನಿಂದ. ಅದು ಆಗಲೇ 68ಕೆ (ಮೋಟರೋಲಾ 68000 ಸರಣಿ), ಇಂಟೆಲ್, ಸ್ಪಾರ್ಕ್, ಎಚ್‌ಪಿಯ ಪಿಎ-ರಿಸ್ಕ್ ಎಲ್ಲದರ ಮೇಲೂ ಓಡುತ್ತಿತ್ತು. ಆ್ಯಪಲ್ ಆ ಇಂಟೆಲ್ ಆವೃತ್ತಿಯನ್ನು ಕೈಬಿಡದೆ ಐದು ವರ್ಷ ಗುಟ್ಟಾಗಿ ನಡೆಸಿಕೊಂಡು ಬಂತು.

ಘೋಷಣೆಯ ದಿನವೇ ಡೆವಲಪರ್‌ಗಳಿಗೆ ಪರೀಕ್ಷಾ ಮಷಿನ್ ಪ್ರಕಟವಾಗುತ್ತದೆ. 2005ರದು ಜಿ5ನ ಡಬ್ಬಿಯೊಳಗೆ 3.6 ಗಿಗಾಹರ್ಟ್ಸ್ ಪೆಂಟಿಯಂ 4, ದರ 999 ಡಾಲರ್. 2020ರದು ಮ್ಯಾಕ್ ಮಿನಿ ಡಬ್ಬಿಯೊಳಗೆ ಐಪ್ಯಾಡ್‌ನ ಎ12ಝಡ್ ಚಿಪ್, 16 ಜಿಬಿ ಮೆಮೊರಿ, ದರ 500 ಡಾಲರ್. ಎರಡನ್ನೂ ಆಮೇಲೆ ಹಿಂದಿರುಗಿಸಬೇಕಿತ್ತು.

ಐದು ವರ್ಷ ಮೊದಲೇ ಗೊತ್ತಿದ್ರೆ ಗಿರಾಕಿಗಳಿಗೆ ಯಾಕೆ ಹೇಳಲ್ಲ? ಮೋಸ ಅಲ್ವಾ?

ಹೇಳಿದರೆ ಅವತ್ತಿನ ಮಷಿನ್ ಯಾರೂ ಕೊಳ್ಳುವುದಿಲ್ಲ. ಆಸ್ಬೋರ್ನ್ ಎಂಬ ಕಂಪನಿ ಮುಂದಿನ ಮಾಡೆಲ್ ಬಗ್ಗೆ ಅವಸರದಲ್ಲಿ ಮಾತಾಡಿ, ಕೈಯಲ್ಲಿದ್ದ ಮಾಡೆಲ್‌ನ ಮಾರಾಟ ಕುಸಿದು, 1983ರಲ್ಲಿ ದಿವಾಳಿಯಾದ ಕತೆ ಈ ಉದ್ಯಮದಲ್ಲಿ ಎಲ್ಲರಿಗೂ ಗೊತ್ತು. ಆ ದಿವಾಳಿಗೆ ಬೇರೆ ಕಾರಣಗಳೂ ಇದ್ದವು, ಆದರೂ ಪಾಠ ಉಳಿಯಿತು. ಜೊತೆಗೆ, ಗುಟ್ಟಾಗಿ ನಡೆಸಿದ ಎಲ್ಲ ಕೆಲಸವೂ ಹೊರಗೆ ಬರುವುದಿಲ್ಲ. 1992ರಲ್ಲಿ ನೋವೆಲ್ ಜೊತೆ ಸೇರಿ ಮ್ಯಾಕ್‌ನ ಸಿಸ್ಟಂ 7ನ್ನು ಇಂಟೆಲ್ ಮೇಲೆ ಓಡಿಸುವ ಯೋಜನೆ ಶುರುವಾಗಿತ್ತು. ಮಾದರಿ ಸಿದ್ಧವಾದ ಮೇಲೆ 1993ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು.

## ಗಾಳಿಸುದ್ದಿಗಳ ಬಗ್ಗೆ

ಇಂಥ ಸುದ್ದಿ ನಿಜವೋ ಸುಳ್ಳೋ ಅಂತ ಗುರುತಿಸೋದು ಹೇಗೆ?

ಸುದ್ದಿ ತಂದವರು ಯಾರು ಎಂದು ಕೇಳುವುದಕ್ಕಿಂತ, ಅದು ನಿಜವಾದರೆ ಇಷ್ಟರಲ್ಲಿ ಏನೇನು ನಡೆದಿರಬೇಕಿತ್ತು ಎಂದು ನೋಡಿ. ಆರ್ಕಿಟೆಕ್ಚರ್ ಬದಲಿಸಲು ಹೊಸ ಚಿಪ್‌ಗೆ ಕಂಪೈಲರ್ ಬೇಕು, ಅಲ್ಲಿ ಓಡುವ ಆಪರೇಟಿಂಗ್ ಸಿಸ್ಟಂ ಬೇಕು, ಹಳೆಯದನ್ನು ಓಡಿಸುವ ಅನುವಾದಕ ಬೇಕು. ಇವಿಷ್ಟನ್ನೂ ಪೂರ್ತಿ ಮುಚ್ಚಿಡುವುದು ಕಷ್ಟ.

ಇಂಟೆಲ್ ವಿಷಯದಲ್ಲಿ ಮ್ಯಾಕ್ ಒಎಸ್ ಎಕ್ಸ್‌ನ ತಳಪಾಯವಾದ ಡಾರ್ವಿನ್ ಇಂಟೆಲ್ ಮೇಲೆ ಓಡುವುದನ್ನು ಯಾರು ಬೇಕಾದರೂ ಡೌನ್‌ಲೋಡ್ ಮಾಡಿ ನೋಡಬಹುದಿತ್ತು. "ಮಾರ್ಕ್ಲಾರ್" ಎಂಬ ಗುಪ್ತನಾಮದ ಯೋಜನೆಯ ಸುದ್ದಿ 2002ರಲ್ಲೇ ಪತ್ರಿಕೆಗೆ ಬಂದಿತ್ತು. ಆದರೂ 2005ರ ಜೂನ್ ಮೊದಲ ವಾರ ಸುದ್ದಿ ಒಡೆದಾಗ ಬಹಳಷ್ಟು ಮ್ಯಾಕ್ ಪ್ರಿಯರು ನಂಬಲಿಲ್ಲ. ಎದುರಾಳಿ ಎಂದುಕೊಂಡಿದ್ದ ಕಂಪನಿಯ ಚಿಪ್ ಎಂಬ ಬೇಸರ ಸಾಕ್ಷ್ಯವನ್ನು ಮರೆಸಿತು.

ಆರ್ಮ್ ವಿಷಯದಲ್ಲಿ 2011ರಿಂದಲೇ ಸುದ್ದಿ ಹರಿದಾಡುತ್ತಿತ್ತು. ದಿಕ್ಕು ಸರಿ, ಸಮಯ ತಪ್ಪು: ಆಗ 64 ಬಿಟ್ ಆರ್ಮ್ ಚಿಪ್ ಮಾರುಕಟ್ಟೆಯಲ್ಲೇ ಇರಲಿಲ್ಲ. 2018ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ "2020ಕ್ಕೆ" ಎಂದು ಬರೆದಾಗ ಪರಿಸ್ಥಿತಿ ಬೇರೆ. ಟಿ2 ಎಂಬ ಆರ್ಮ್ ಚಿಪ್ ಆಗಲೇ ಐಮ್ಯಾಕ್ ಪ್ರೊ ಒಳಗೆ ಕೂತು ಡಿಸ್ಕ್ ಗೂಢಲಿಪೀಕರಣ ನೋಡಿಕೊಳ್ಳುತ್ತಿತ್ತು. ಮರುವರ್ಷ ಮ್ಯಾಕ್ ಒಎಸ್ ಕ್ಯಾಟಲೀನಾ 32 ಬಿಟ್ ಆ್ಯಪ್‌ಗಳನ್ನು ಪೂರ್ತಿ ಕಿತ್ತುಹಾಕಿ, ಡ್ರೈವರ್‌ಗಳನ್ನು ಕರ್ನಲ್‌ನಿಂದ (ಆಪರೇಟಿಂಗ್ ಸಿಸ್ಟಂನ ತಿರುಳಿನಿಂದ) ಹೊರಗೆ ತರುವ ವ್ಯವಸ್ಥೆ ಕೊಟ್ಟಿತು. ಮನೆ ಖಾಲಿ ಮಾಡುವ ಮುಂಚೆ ಅಟ್ಟ ತೆರವು ಮಾಡಿದ ಹಾಗಿತ್ತು ಅದು.

ಎಎಂಡಿ ಚಿಪ್ ಇರೋ ಮ್ಯಾಕ್ ಬರುತ್ತೆ ಅಂತಿದ್ರಲ್ಲ, ಏನಾಯ್ತು?

ಬರಲಿಲ್ಲ. ಮ್ಯಾಕ್ ಒಎಸ್‌ನ ಪರೀಕ್ಷಾ ಆವೃತ್ತಿಗಳ ಕೋಡ್‌ನಲ್ಲಿ ಎಎಂಡಿ ಹೆಸರು ಕಂಡದ್ದೇ ಸುದ್ದಿಗೆ ಮೂಲ. ಎಎಂಡಿಯೂ ಇಂಟೆಲ್‌ನ ಆದೇಶಗಳನ್ನೇ ನಡೆಸುವುದರಿಂದ, ಬಂದಿದ್ದರೂ ಅದು ಆರ್ಕಿಟೆಕ್ಚರ್ ಬದಲಾವಣೆ ಆಗುತ್ತಿರಲಿಲ್ಲ. ಕೋಡ್‌ನಲ್ಲಿ ಹೆಸರು ಸಿಕ್ಕರೆ ಯಾರೋ ಪ್ರಯೋಗ ಮಾಡಿದ್ದಾರೆ ಎಂದಷ್ಟೇ ಅರ್ಥ.

ಮುಂದಿನ ಮ್ಯಾಕ್ ಚಿಪ್ ಇಂಟೆಲ್ ಮಾಡುತ್ತಂತೆ. ಅಂದ್ರೆ ಮತ್ತೆ ಇಂಟೆಲ್ ಮ್ಯಾಕಾ?

ಇಲ್ಲಿ ಮೂರು ಸಂಗತಿಗಳು ಕಲಸಿಹೋಗುತ್ತವೆ. ಆದೇಶಗಳ ವ್ಯವಸ್ಥೆ ಆರ್ಮ್ ಕಂಪನಿಯದು. ಚಿಪ್ಪಿನ ವಿನ್ಯಾಸ ಆ್ಯಪಲ್‌ನದು. ಕಾರ್ಖಾನೆ ತೈವಾನ್‌ನ ಟಿಎಸ್‌ಎಂಸಿಯದು. ಇಂಟೆಲ್ ಈಗ ಬೇರೆಯವರ ವಿನ್ಯಾಸವನ್ನೂ ತನ್ನ ಕಾರ್ಖಾನೆಯಲ್ಲಿ ತಯಾರಿಸಿಕೊಡುವ ವ್ಯಾಪಾರ ನಡೆಸುತ್ತಿದೆ. ಆ್ಯಪಲ್‌ನ ಚಿಪ್ ಅಲ್ಲಿ ತಯಾರಾದರೂ ಅದು ಆರ್ಮ್ ಚಿಪ್ಪೇ. ನಿಮ್ಮ ಆ್ಯಪ್‌ಗೆ ಏನೂ ವ್ಯತ್ಯಾಸ ಗೊತ್ತಾಗದು. ಇಂಟೆಲ್ ಮ್ಯಾಕ್‌ನಲ್ಲಿ ವಿಂಡೋಸ್ ಹಾಕಿಕೊಳ್ಳಲು ಇದ್ದ ಬೂಟ್ ಕ್ಯಾಂಪ್ ವಾಪಸ್ ಬರುವುದಿಲ್ಲ.

ಆ್ಯಪಲ್ ರಿಸ್ಕ್-ಫೈವ್‌ಗೆ ಹೋಗುತ್ತಾ?

ರಿಸ್ಕ್-ಫೈವ್ ಎಂದರೆ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಆದೇಶಗಳ ವ್ಯವಸ್ಥೆ. ಮ್ಯಾಕ್‌ನ ಮುಖ್ಯ ಪ್ರೊಸೆಸರ್‌ಗೆ ಸದ್ಯ ಅಂಥ ಲಕ್ಷಣವಿಲ್ಲ. 2021ರಲ್ಲಿ ರಿಸ್ಕ್-ಫೈವ್ ಬಲ್ಲವರು ಬೇಕೆಂದು ಉದ್ಯೋಗ ಜಾಹೀರಾತು ಬಂದದ್ದು ನಿಜ. ಆದರೆ ಒಂದು ಚಿಪ್ಪಿನೊಳಗೆ ಸಣ್ಣಪುಟ್ಟ ಕೆಲಸಕ್ಕೆಂದು ಹತ್ತಾರು ಚಿಕ್ಕ ಕೋರ್‌ಗಳಿರುತ್ತವೆ, ಅವಕ್ಕೆ ರಿಸ್ಕ್-ಫೈವ್ ಒಗ್ಗುತ್ತದೆ. 2023ರಲ್ಲಿ ಆರ್ಮ್ ಷೇರು ಮಾರುಕಟ್ಟೆಗೆ ಬರುವಾಗ ಸಲ್ಲಿಸಿದ ದಾಖಲೆಯಲ್ಲಿ, ಆ್ಯಪಲ್ ಜೊತೆ 2040ರಾಚೆಗೂ ನಡೆಯುವ ಒಪ್ಪಂದವಾಗಿದೆ ಎಂದಿದೆ. ಜಾಹೀರಾತಿಗಿಂತ ಈ ದಾಖಲೆಗೆ ತೂಕ ಹೆಚ್ಚು.

## ಬಳಸುವವರಿಗೆ

ನನ್ನ ಸಾಫ್ಟ್‌ವೇರ್ ಹೊಸ ಚಿಪ್‌ಗೆ ಸಿದ್ಧವಾಗಿದೆಯಾ ಅಂತ ಎಲ್ಲಿ ನೋಡೋದು?

ಆಪ್ಷನ್ ಕೀ ಒತ್ತಿಹಿಡಿದು ಆ್ಯಪಲ್ ಮೆನು ತೆರೆಯಿರಿ, "ಸಿಸ್ಟಂ ಇನ್ಫರ್ಮೇಷನ್" ಕಾಣುತ್ತದೆ. ಎಡಗಡೆ ಸಾಫ್ಟ್‌ವೇರ್ ಕೆಳಗೆ ಅಪ್ಲಿಕೇಷನ್ಸ್ ಒತ್ತಿದರೆ ಪಟ್ಟಿ ಬರುತ್ತದೆ, ತುಂಬಲು ಸ್ವಲ್ಪ ಹೊತ್ತು ಬೇಕು. ಅದರಲ್ಲಿ "ಕೈಂಡ್" ಎಂಬ ಕಾಲಂ ನೋಡಿ. ಯೂನಿವರ್ಸಲ್ ಅಥವಾ ಆ್ಯಪಲ್ ಸಿಲಿಕಾನ್ ಎಂದಿದ್ದರೆ ನೇರವಾಗಿ ಓಡುತ್ತದೆ. ಇಂಟೆಲ್ ಎಂದಿದ್ದರೆ ರೊಸೆಟ್ಟಾ ಎಂಬ ಆ್ಯಪಲ್‌ನ ಅನುವಾದಕ ಬೇಕು. ಆ ಕಾಲಂ ಮೇಲೆ ಕ್ಲಿಕ್ ಮಾಡಿದರೆ ಇಂಟೆಲ್ ಆ್ಯಪ್‌ಗಳೆಲ್ಲ ಒಂದೆಡೆ ಸೇರುತ್ತವೆ. ಹೊಸ ಮ್ಯಾಕ್ ಕೊಳ್ಳುವ ಮುಂಚೆ ಹಳೆಯದರಲ್ಲೇ ಈ ಪಟ್ಟಿ ತೆಗೆದುಕೊಂಡು, ಒಂದೊಂದಕ್ಕೂ ಹೊಸ ಆವೃತ್ತಿ ಇದೆಯೇ ಎಂದು ಹುಡುಕಿ.

ಒಂದು ಎಚ್ಚರ: 2006ರಿಂದ 2010ರ ನಡುವಿನ ಹಳೆಯ ಸಾಫ್ಟ್‌ವೇರ್ ಡಬ್ಬಿಯ ಮೇಲೂ ಯೂನಿವರ್ಸಲ್ ಎಂಬ ಗುರುತಿರುತ್ತದೆ. ಅದು ಪವರ್‌ಪಿಸಿ ಮತ್ತು ಇಂಟೆಲ್ ಜೋಡಿಗೆ ಕೊಟ್ಟ ಹೆಸರು, ಈಗಿನದ್ದಲ್ಲ.

ರೊಸೆಟ್ಟಾ ಹಾಕಿದ್ರೆ ಎಲ್ಲಾ ನಡೆಯುತ್ತಾ?

ಸಾಮಾನ್ಯ ಆ್ಯಪ್‌ಗಳು ನಡೆಯುತ್ತವೆ. ಕೈಕೊಡುವುದು ಹೆಚ್ಚಾಗಿ ಮೂರು ಕಡೆ.

ಮೊದಲನೆಯದು ಕರ್ನಲ್ ಎಕ್ಸ್‌ಟೆನ್ಷನ್. ಹಳೆಯ ಸ್ಕ್ಯಾನರ್, ಆಡಿಯೋ ಇಂಟರ್‌ಫೇಸ್, ಯುಎಸ್‌ಬಿ ಡಾಂಗಲ್‌ಗಳ ಡ್ರೈವರ್ ಈ ರೂಪದಲ್ಲಿದ್ದರೆ ರೊಸೆಟ್ಟಾ ಅದನ್ನು ಮುಟ್ಟುವುದಿಲ್ಲ. ತಯಾರಕರು ಹೊಸದು ಕೊಡಬೇಕು.

ಎರಡನೆಯದು ಪ್ಲಗ್‌ಇನ್, ಅಂದರೆ ಆ್ಯಪ್‌ಗೆ ಜೋಡಿಸಿಕೊಳ್ಳುವ ಚಿಕ್ಕ ಸಾಫ್ಟ್‌ವೇರ್. ಆ್ಯಪ್ ಒಳಗೇ ಓಡುವ ಪ್ಲಗ್‌ಇನ್‌ಗೂ ಆ್ಯಪ್‌ಗೂ ಒಂದೇ ಆರ್ಕಿಟೆಕ್ಚರ್ ಇರಬೇಕು. ಸಂಗೀತ ಅಥವಾ ವಿಡಿಯೋ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ ಮೇಲೆ ಹಳೆಯ ಪ್ಲಗ್‌ಇನ್ ಕಾಣೆಯಾದರೆ ಕಾರಣ ಹೆಚ್ಚಾಗಿ ಇದೇ. ಫೈಂಡರ್‌ನಲ್ಲಿ ಆ ಆ್ಯಪ್ ಆರಿಸಿ "ಗೆಟ್ ಇನ್ಫೋ" ತೆರೆದು, "ಓಪನ್ ಯೂಸಿಂಗ್ ರೊಸೆಟ್ಟಾ" ಚೌಕಕ್ಕೆ ಗುರುತು ಹಾಕಿ, ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಇಡೀ ಆ್ಯಪ್ ಇಂಟೆಲ್ ರೂಪದಲ್ಲಿ ಓಡಿ ಪ್ಲಗ್‌ಇನ್ ಮತ್ತೆ ಸಿಗುತ್ತದೆ. ಹೊಸ ಪ್ಲಗ್‌ಇನ್ ಬಂದ ದಿನ ಆ ಗುರುತು ತೆಗೆಯಲು ಮರೆಯಬೇಡಿ, ಸುಮ್ಮನೆ ವೇಗ ಕಳೆದುಕೊಳ್ಳುತ್ತೀರಿ.

ಮೂರನೆಯದು ಇಂಟೆಲ್ ವಿಂಡೋಸ್ ಓಡಿಸುವ ವರ್ಚುವಲ್ ಮಷಿನ್ ಸಾಫ್ಟ್‌ವೇರ್. ಅದನ್ನು ರೊಸೆಟ್ಟಾ ಅನುವಾದಿಸುವುದೇ ಇಲ್ಲ.

ನುಡಿ, ಬರಹ ಬಳಸೋಕೆ ಬೂಟ್ ಕ್ಯಾಂಪ್‌ನಲ್ಲಿ ವಿಂಡೋಸ್ ಇಟ್ಟುಕೊಂಡಿದ್ದೆ. ಈಗೇನು ಮಾಡ್ಲಿ?

ಎಂ ಸರಣಿಯ ಚಿಪ್‌ಗಳಲ್ಲಿ ಬೂಟ್ ಕ್ಯಾಂಪ್ ಇಲ್ಲ. ಪ್ಯಾರಲಲ್ಸ್‌ನಂಥ ಸಾಫ್ಟ್‌ವೇರ್ ಒಳಗೆ ಆರ್ಮ್‌ಗಾಗಿಯೇ ಇರುವ ವಿಂಡೋಸ್ 11 ಹಾಕಬಹುದು. ಅದು ಇಂಟೆಲ್ ವಿಂಡೋಸ್ ಪ್ರೋಗ್ರಾಂಗಳನ್ನು ತಾನೇ ಅನುವಾದಿಸಿ ಓಡಿಸುತ್ತದೆ. ಕೀಬೋರ್ಡ್ ಒತ್ತನ್ನು ನಡುವೆ ಹಿಡಿದು ಅಕ್ಷರ ಮೂಡಿಸುವ ಪ್ರೋಗ್ರಾಂಗಳನ್ನು ಮೊದಲು ಟ್ರಯಲ್ ಆವೃತ್ತಿಯಲ್ಲಿ ಪರೀಕ್ಷಿಸಿ, ಆಮೇಲೆ ಹಣ ಕೊಡಿ.

ಹೊಸದಾಗಿ ಬರೆಯುವುದಕ್ಕಾದರೆ ವಿಂಡೋಸ್ ಬೇಕಿಲ್ಲ. ಮ್ಯಾಕ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, ಕನ್ನಡ ಸಂಗಂ ಎಂಎನ್ ಫಾಂಟ್ ಇದೆ. ಹಳೆಯ ಆಸ್ಕಿ ಫಾಂಟ್‌ನ ದಾಖಲೆಗಳನ್ನು ಮಾತ್ರ ಹಳೆಯ ಮಷಿನ್ ಕೈಬಿಡುವ ಮುಂಚೆಯೇ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ ಸರಿಪಡಿಸಿಕೊಳ್ಳಿ.

ಇಂಟೆಲ್ ಮ್ಯಾಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗ್ತಿದೆ, ತಗೊಳ್ಳಲಾ?

ವಿಂಡೋಸ್ ಅಥವಾ ಲಿನಕ್ಸ್ ಹಾಕಿಕೊಳ್ಳುವ ಉದ್ದೇಶವಿಲ್ಲದಿದ್ದರೆ ಬೇಡ. ಇಂಟೆಲ್‌ಗೆ ಸಿಗುವ ಕೊನೆಯ ಆವೃತ್ತಿ ಮ್ಯಾಕ್ ಒಎಸ್ 26 ಎಂದು ಆ್ಯಪಲ್ 2025ರಲ್ಲಿ ಹೇಳಿದೆ. ಅದೂ ನಾಲ್ಕೇ ಮಾಡೆಲ್‌ಗಳಿಗೆ: 2019ರ 16 ಇಂಚಿನ ಮ್ಯಾಕ್‌ಬುಕ್ ಪ್ರೊ, 2020ರ 13 ಇಂಚಿನದರಲ್ಲಿ ನಾಲ್ಕು ಥಂಡರ್‌ಬೋಲ್ಟ್ ಪೋರ್ಟ್ ಇರುವುದು, 2020ರ 27 ಇಂಚಿನ ಐಮ್ಯಾಕ್, 2019ರ ಮ್ಯಾಕ್ ಪ್ರೊ. 2020ರ ಇಂಟೆಲ್ ಮ್ಯಾಕ್‌ಬುಕ್ ಏರ್ ಈ ಪಟ್ಟಿಯಲ್ಲಿಲ್ಲ. ಅದೇ ವರ್ಷ ಎಂ1 ಏರ್ ಕೂಡ ಬಂದಿದ್ದರಿಂದ "2020ರ ಏರ್" ಎಂದಷ್ಟೇ ಹೇಳಿ ಮಾರುವವರ ಹತ್ತಿರ "ಅಬೌಟ್ ದಿಸ್ ಮ್ಯಾಕ್" ತೆರೆಸಿ ನೋಡಿ. "ಚಿಪ್: ಆ್ಯಪಲ್ ಎಂ1" ಎಂದಿರಬೇಕು. "ಪ್ರೊಸೆಸರ್" ಎಂದಿದ್ದರೆ ಅದು ಇಂಟೆಲ್.

ಪವರ್‌ಪಿಸಿ ಕೊಂಡವರಿಗೆ ಆಗಿದ್ದೂ ಇದೇ. ನಾಲ್ಕು ಕೋರ್‌ನ ಪವರ್ ಮ್ಯಾಕ್ ಜಿ5 ಬಂದದ್ದು 2005ರ ಅಕ್ಟೋಬರ್‌ನಲ್ಲಿ, 2009ರ ಆಗಸ್ಟ್‌ನಲ್ಲಿ ಬಂದ ಮ್ಯಾಕ್ ಒಎಸ್ ಆವೃತ್ತಿ ಸ್ನೋ ಲೆಪರ್ಡ್‌ಗೆ ಪವರ್‌ಪಿಸಿ ಬೇಡವಾಯಿತು. ಅನುವಾದಕಕ್ಕೂ ಆಯುಸ್ಸು ಇಷ್ಟೇ ಎಂದಿರುತ್ತದೆ. ಹಳೆಯ ರೊಸೆಟ್ಟಾ 2011ರಲ್ಲಿ ಹೋಯಿತು. ಈಗಿನದು ಮ್ಯಾಕ್ ಒಎಸ್ 27ರವರೆಗೆ ಪೂರ್ತಿ ಸಿಗುತ್ತದೆ, ಆಮೇಲೆ ಕೆಲವು ಹಳೆಯ ಆಟಗಳಿಗಷ್ಟೇ ಎಂದು ಆ್ಯಪಲ್ ತಿಳಿಸಿದೆ.

## ಒಳಹೊಕ್ಕು ನೋಡುವವರಿಗೆ

ಬೈಟ್‌ಗಳ ಕ್ರಮ ಬದಲಾದ್ರೆ ಫೈಲ್ ಹಾಳಾಗುತ್ತೆ ಅಂತಾರೆ. ಕನ್ನಡ ಫೈಲಿಗೂ ಹಾಗೇ ಆಗುತ್ತಾ?

ಒಂದಕ್ಷರ ಹಿಡಿದು ನೋಡೋಣ. "ಕ" ಅಕ್ಷರದ ಯೂನಿಕೋಡ್ ಸಂಖ್ಯೆ ಹದಿನಾರಂಕಿ ಕ್ರಮದಲ್ಲಿ 0ಸಿ95. ಪವರ್‌ಪಿಸಿ ಮ್ಯಾಕ್ ಇದನ್ನು ಎರಡು ಬೈಟ್‌ಗಳಲ್ಲಿ ಇಡುವಾಗ ಮೊದಲು 0ಸಿ, ಆಮೇಲೆ 95. ಇಂಟೆಲ್ ಮೊದಲು 95, ಆಮೇಲೆ 0ಸಿ. ಪವರ್‌ಪಿಸಿ ಬರೆದ ಯುಟಿಎಫ್-16 ಫೈಲನ್ನು ಕ್ರಮ ನೋಡದೆ ಇಂಟೆಲ್ ಓದಿದರೆ 950ಸಿ ಆಗುತ್ತದೆ. ಅದು ಒಂದು ಚೀನೀ ಅಕ್ಷರ! ಕನ್ನಡ ಫೈಲ್ ತೆರೆದರೆ ಚೀನೀ ಲಿಪಿ ಕಾಣುವ ವಿಚಿತ್ರಕ್ಕೆ ಇದೊಂದು ಕಾರಣ. ಫೈಲ್ ಕೆಟ್ಟಿರುವುದಿಲ್ಲ, ತೆರೆಯುವಾಗ ಬಿಗ್ ಎಂಡಿಯನ್ (ಪವರ್‌ಪಿಸಿಯ ಕ್ರಮ) ಎಂದು ಆರಿಸಿದರೆ ಸರಿಹೋಗುತ್ತದೆ. ಯುಟಿಎಫ್-8ರಲ್ಲಿ "ಕ" ಯಾವಾಗಲೂ ಇ0, ಬಿ2, 95 ಎಂಬ ಮೂರು ಬೈಟ್, ಯಾವ ಚಿಪ್ಪಿನಲ್ಲೂ ಅದೇ ಕ್ರಮ. ಇಂಟೆಲ್‌ನದೂ ಆ್ಯಪಲ್‌ನ ಆರ್ಮ್‌ನದೂ ಒಂದೇ ಕ್ರಮವಾದ್ದರಿಂದ 2020ರ ಬದಲಾವಣೆಯಲ್ಲಿ ಈ ತೊಂದರೆಯೇ ಬರಲಿಲ್ಲ.

ಮೊದಲ ಅನುವಾದಕಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ?

1994ರದು ಆಪರೇಟಿಂಗ್ ಸಿಸ್ಟಂ ಒಳಗೇ ಇದ್ದ ಎಮ್ಯುಲೇಟರ್. ಸಿಸ್ಟಂನ ಬಹುಪಾಲು ಇನ್ನೂ 68ಕೆ ಕೋಡ್ ಆಗಿದ್ದರಿಂದ ಅದಿಲ್ಲದೆ ಮಷಿನ್ ಏಳುತ್ತಲೇ ಇರಲಿಲ್ಲ. ಅದು ಅನುಕರಿಸುತ್ತಿದ್ದದ್ದು ದಶಮಾಂಶ ಲೆಕ್ಕದ ಘಟಕವಿಲ್ಲದ 68ಎಲ್‌ಸಿ040 ಚಿಪ್ಪನ್ನು. ಆ ಘಟಕವನ್ನು ನೇರವಾಗಿ ಬಳಸುವ ಎಂಜಿನಿಯರಿಂಗ್ ಸಾಫ್ಟ್‌ವೇರ್ ಹೊಸ, ದುಬಾರಿ ಮಷಿನ್‌ನಲ್ಲಿ ನಿಂತುಬಿಡುತ್ತಿತ್ತು. 2006ರ ರೊಸೆಟ್ಟಾ ಟ್ರಾನ್ಸಿಟಿವ್ ಎಂಬ ಕಂಪನಿಯಿಂದ ಪಡೆದ ತಂತ್ರಜ್ಞಾನ, ಓಡುವಾಗಲೇ ಅನುವಾದಿಸುತ್ತಿತ್ತು. ರೊಸೆಟ್ಟಾ 2 ಸಾಧ್ಯವಾದಷ್ಟನ್ನು ಮೊದಲೇ ಅನುವಾದಿಸಿ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ. ಮೊದಲ ಸಲ ತೆರೆಯುವಾಗ ಐಕಾನ್ ಹೆಚ್ಚು ಹೊತ್ತು ಕುಣಿಯುವುದು ಅದಕ್ಕೇ.

ಅದರ ವೇಗದ ಇನ್ನೊಂದು ಗುಟ್ಟು ಚಿಪ್ಪಿನೊಳಗಿದೆ. ಒಂದು ಕೋರ್ ಮೆಮೊರಿಗೆ ಬರೆದದ್ದು ಬೇರೆ ಕೋರ್‌ಗಳಿಗೆ ಅದೇ ಕ್ರಮದಲ್ಲಿ ಕಾಣಬೇಕೆಂಬ ಕಟ್ಟುನಿಟ್ಟು ಇಂಟೆಲ್‌ನಲ್ಲಿದೆ, ಆರ್ಮ್‌ನಲ್ಲಿಲ್ಲ. ಅದನ್ನು ಸಾಫ್ಟ್‌ವೇರ್‌ನಲ್ಲಿ ಪಾಲಿಸಲು ಹೋದರೆ ಪ್ರತಿ ಹೆಜ್ಜೆಗೂ ತಡೆ ಹಾಕಿ ವೇಗ ನೆಲಕಚ್ಚುತ್ತದೆ. ಆ್ಯಪಲ್ ತನ್ನ ಚಿಪ್ಪಿನಲ್ಲೇ ಇಂಟೆಲ್‌ನ ಕ್ರಮ ಪಾಲಿಸುವ ವಿಧಾನವೊಂದನ್ನು ಇಟ್ಟು, ರೊಸೆಟ್ಟಾ ಆ್ಯಪ್ ಓಡುವಾಗ ಮಾತ್ರ ಅದನ್ನು ಚಾಲೂ ಮಾಡುತ್ತದೆ. ಚಿಪ್ ಮತ್ತು ಅನುವಾದಕ ಎರಡನ್ನೂ ಒಂದೇ ಮನೆಯವರು ಮಾಡಿದ್ದರ ಫಲ ಇದು.

ಅನುವಾದಕ ಇಲ್ಲದೆ ಬದಲಿಸಿದವರು ಯಾರಾದರೂ ಇದ್ದಾರಾ?

ಮೈಕ್ರೋಸಾಫ್ಟ್. 2012ರ ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್‌ನಲ್ಲಿ ಆರ್ಮ್ ಚಿಪ್ ಇತ್ತು, ವಿಂಡೋಸ್‌ನ ಚಹರೆ ಇತ್ತು, ಹಳೆಯ ವಿಂಡೋಸ್ ಪ್ರೋಗ್ರಾಂ ಒಂದೂ ಓಡುತ್ತಿರಲಿಲ್ಲ. ಮರುವರ್ಷ ಕಂಪನಿ 90 ಕೋಟಿ ಡಾಲರ್ ನಷ್ಟ ತೋರಿಸಿತು. ಆರ್ಮ್ ವಿಂಡೋಸ್ ಕಾಲೂರಲು ಶುರುಮಾಡಿದ್ದು ಇಂಟೆಲ್ ಅನುವಾದ ಸೇರಿದ ಮೇಲೆಯೇ.

ನಾನು ಡೆವಲಪರ್. ಮತ್ತೆ ಕಂಪೈಲ್ ಮಾಡಿದ್ರೆ ಸಾಕಲ್ವಾ?

ಬಹುತೇಕ ಕೋಡ್‌ಗೆ ಸಾಕು. ಸಾಲದ ಕಡೆ ಬರುವ ದೋಷಗಳು ಹಿಡಿಯಲು ಕಷ್ಟ, ಹಾಗಾಗಿ ಇವನ್ನು ಮೊದಲೇ ಪರೀಕ್ಷಿಸಿ.

ಮೆಮೊರಿ ಪುಟ 4 ಕೆಬಿ ಎಂದು ಕೋಡ್‌ನಲ್ಲಿ ನೇರವಾಗಿ ಬರೆದಿದ್ದರೆ ತೆಗೆಯಿರಿ, ಇಲ್ಲಿ ಅದು 16 ಕೆಬಿ. ಮ್ಯಾಕ್‌ನ ಒಳ ಟೈಮರ್‌ನ ಒಂದು ಎಣಿಕೆ ಇಂಟೆಲ್‌ನಲ್ಲಿ 1 ನ್ಯಾನೋಸೆಕೆಂಡ್, ಇಲ್ಲಿ ಸುಮಾರು 41.67. ಟೈಮ್‌ಬೇಸ್ ಕೇಳಿ ಗುಣಿಸದೆ ಬಳಸಿದ್ದರೆ ಆ್ಯನಿಮೇಷನ್ ಮತ್ತು ಅಳತೆ ಎರಡೂ ಕೆಡುತ್ತವೆ. ದೊಡ್ಡ ದಶಮಾಂಶ ಸಂಖ್ಯೆಯನ್ನು ಪೂರ್ಣಾಂಕ ಮಾಡುವಾಗ ಮಿತಿ ಮೀರಿದರೆ ಆರ್ಮ್ ಗರಿಷ್ಠ ಬೆಲೆಗೆ ನಿಲ್ಲಿಸುತ್ತದೆ, ಇಂಟೆಲ್ ಬೇರೆಯೇ ಬೆಲೆ ಕೊಡುತ್ತದೆ. ಸರಿಯಾದ ಲಾಕ್ ಇಲ್ಲದೆ ಥ್ರೆಡ್‌ಗಳ ನಡುವೆ ಮಾಹಿತಿ ಹಂಚಿಕೊಂಡ ಕೋಡ್ ಇಂಟೆಲ್ ಮೇಲೆ ವರ್ಷಗಟ್ಟಲೆ ಸುಮ್ಮನಿದ್ದು ಇಲ್ಲಿ ಯಾವಾಗಲೋ ಒಮ್ಮೆ ಕುಸಿಯುತ್ತದೆ. ಎಕ್ಸ್‌ಕೋಡ್‌ನ ಥ್ರೆಡ್ ಸ್ಯಾನಿಟೈಸರ್ ಹಚ್ಚಿ ನೋಡಿ. ಓಡುವಾಗಲೇ ಕೋಡ್ ಹುಟ್ಟಿಸುವ ಪ್ರೋಗ್ರಾಂ ಆದರೆ, ಒಂದೇ ಮೆಮೊರಿಗೆ ಏಕಕಾಲಕ್ಕೆ ಬರೆಯುವ ಮತ್ತು ಓಡಿಸುವ ಅನುಮತಿ ಇಲ್ಲಿ ಸಿಗುವುದಿಲ್ಲ. ಸಹಿ ಇಲ್ಲದ ಆರ್ಮ್ ಫೈಲ್ ಓಡುವುದೇ ಇಲ್ಲ, ಸ್ಥಳೀಯ ಸಹಿಯಾದರೂ ಬೇಕು.

ಸರ್ವರ್ ಕೆಲಸ ಮಾಡುವವರಿಗೆ ಇನ್ನೊಂದು: ಎಂ ಚಿಪ್ಪಿನ ಮ್ಯಾಕ್‌ನಲ್ಲಿ ಕಟ್ಟಿದ ಡಾಕರ್ ಇಮೇಜ್ ತಾನಾಗಿಯೇ ಆರ್ಮ್ ಇಮೇಜ್ ಆಗುತ್ತದೆ. ಇಂಟೆಲ್ ಸರ್ವರ್‌ಗೆ ಏರಿಸಿದರೆ "ಎಕ್ಸೆಕ್ ಫಾರ್ಮ್ಯಾಟ್ ಎರರ್" ಎಂದು ನಿಲ್ಲುತ್ತದೆ. ಕಟ್ಟುವಾಗಲೇ ಪ್ಲಾಟ್‌ಫಾರ್ಮ್ ಆಯ್ಕೆಯಲ್ಲಿ ಲಿನಕ್ಸ್/ಎಎಂಡಿ64 ಎಂದು ಕೊಡಿ, ಅಥವಾ ಬಿಲ್ಡ್‌ಎಕ್ಸ್ ಬಳಸಿ ಎರಡಕ್ಕೂ ಒಟ್ಟಿಗೆ ಕಟ್ಟಿ. ನಿಮ್ಮ ಬೇಸ್ ಇಮೇಜ್ ಎರಡೂ ರೂಪದಲ್ಲಿ ಸಿಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.